ಹಾಲೇಶ ಉಳಿಸಿದ ಹಳೇ ಕೋರ್ಟು

ಮಧುಗಿರಿಯ ಹಳೇ ಕೋರ್ಟಿನ ಕಂಬಕ್ಕೆ ಇಂಜಿನಿಯರು ಕೆಡವಲೆಂದು ಕೆಂಪು ಬಣ್ಣದಲ್ಲಿ ಕತ್ತರಿ ಗುರುತು ಹಾಕಿದ್ದನ್ನು ಕಂಡು ಹಾಲೇಶ ಉಕ್ಕುವ ಹಾಲನ್ನೇ ಮರೆತ. ಇಂಗ್ಲಿಷರ ಕಾಲದ ಆ ಕಟ್ಟಡದಲ್ಲಿ ಈಗ ಪಾರಿವಾಳಗಳ ಜಗಳ ಬಿಟ್ಟರೆ ಬೇರೆ ವ್ಯಾಜ್ಯವಿರಲಿಲ್ಲ. ಆದರೆ ಅದರ ಗೋಡೆಗೆ ಆತುಕೊಂಡೇ ಅವನ ಟೀ ಅಂಗಡಿ ನಿಂತಿತ್ತು. ಗೋಡೆ ಬಿದ್ದರೆ ಅವನ ಅನ್ನವೂ ಬಿದ್ದಂತೆ.

“ಸ್ವಲ್ಪ ನಿಲ್ರಿ, ನಿಮ್ಮತ್ರಾನೇ ಮಾತಾಡ್ಬೇಕು,” ಎಂದರು ಇಂಜಿನಿಯರು.

“ನಿಂತ್ರೆ ಕೆಟ್ಟೆ ಕಣ್ಲಾ,” ಎಂದು ಕಿವಿಯಲ್ಲಿ ಉಸುರಿದ ಎದುರಿನ ಜೆರಾಕ್ಸ್ ಅಂಗಡಿಯ ಕಾಡಸಿದ್ದಪ್ಪ. “ಅಂಗ್ಡಿ ಬಿಟ್ಕೊಟ್ಟೆ ಅಂತ ಸೈನ್ ಹಾಕುಸ್ಕಂಬುಡ್ತಾರೆ. ಪ್ರಾಚ್ಯವಸ್ತು ಇಲಾಖೆ ಸಾಹೇಬ್ರು ಇವತ್ತು ಮಿಡಿಗೇಶಿ ಕೋಟೆಗೆ ಬಂದವ್ರಂತೆ. ಅವ್ರು ಬ್ಯಾಡ ಅಂದ್ರೆ ಯಾರೂ ಕೆಡವಂಗಿಲ್ಲ. ಓಡೋಗಿ ಕರ್ಕಂಡ್ ಬಾ.”

ಬಿಟ್ಟಿ ಸಲಹೆಗೆ ಈ ಊರಿನಲ್ಲಿ ಎಂದೂ ಬರ ಬಂದದ್ದಿಲ್ಲ. ಹಾಲೇಶ ಬಸ್ಸಿಗೆ ನೇತುಬಿದ್ದು ಮಿಡಿಗೇಶಿಗೆ ಹೋದ, ಬೆಟ್ಟ ಹತ್ತಿದ, ಚಪ್ಪಲಿ ಹರಿದುಕೊಂಡ, ಸಾಹೇಬರ ಕಾಲಿಗೆ ಬಿದ್ದ. ಅವರ ಜೀಪಿನಲ್ಲೇ ವಾಪಸು ಬರುವಷ್ಟರಲ್ಲಿ ಕೋರ್ಟಿನ ಮುಂದೆ ಜೆಸಿಬಿ ನಿಂತಿತ್ತು. ಜನ ಮದುವೆ ಊಟಕ್ಕೆ ಬಂದವರಂತೆ ನೆರೆದಿದ್ದರು.

“ಇದೇ ಕಟಕಟೇಲಿ ನಮ್ಮ ತಾತ ನಿಂತಿದ್ದು ಸಾ,” ಎಂದ ಕಾಡಸಿದ್ದಪ್ಪ ಹೆಮ್ಮೆಯಿಂದ.

“ಏನು ಕೇಸು?”

“ಕುರಿ ಕದ್ದಿದ್ದು.”

ಸಾಹೇಬರು ಗೋಡೆ ತಟ್ಟಿ ನೋಡಿದರು. “ಗಾರೆ ಗೋಡೆ, ತೇಗದ ತೊಲೆ, ಚಿಟಿಕೆ ಸಿಮೆಂಟಿಲ್ಲ. ಇಂಥ ಕಮಾನು ಈಗ ಯಾರು ಕಟ್ತಾರೆ? ಇದನ್ನು ಮುಟ್ಟಕೂಡದು,” ಎಂದು ಫೋನ್ ಹಚ್ಚಿದರು. ಮೇಲಿನವರು ಒಪ್ಪಿದರು. ಕೆಡಹುವುದು ನಿಂತಿತು. ಹಾಲೇಶ ಕಣ್ಣೊರೆಸಿಕೊಂಡು ನೆರೆದವರಿಗೆಲ್ಲ ಬಿಟ್ಟಿ ಟೀ ಹಂಚಿದ.

ಸಾಹೇಬರು ಲೋಟ ಕೆಳಗಿಟ್ಟು ಕಮಾನಿನ ಮಸಿಯನ್ನು ಬೆರಳಿನಿಂದ ಒರೆಸಿದರು. “ಈ ಅಂಗಡಿ ಯಾರದು?”

“ನಂದೇ ಸಾ. ನಮ್ಮ ತಾತನ ಕಾಲದಿಂದ ಇಲ್ಲೇ ಒಲೆ ಉರೀತೈತೆ.”

“ಇಂಥ ಗೋಡೆಗೆ ಅಂಟಿಸಿ ಒಲೆ ಉರಿಸ್ತಾರೇನ್ರಿ? ಇವತ್ತೇ ತೆಗೆಸಿ.”

ಬಂದ ಜೆಸಿಬಿ ಬರಿಗೈಲಿ ಹೋಗಲಿಲ್ಲ. ಹಾಲೇಶನ ಟೀ ಕುಡಿದ ಜನವೇ ಹಿಂದೆ ಸರಿದು ಅದಕ್ಕೆ ದಾರಿ ಬಿಟ್ಟರು.

ನಜ್ಜುಗುಜ್ಜಾದ ತಗಡಿನ ಪಕ್ಕ ಕೂತವನ ಬಳಿಗೆ ಇಂಜಿನಿಯರು ಬಂದರು. “ಬೆಳಗ್ಗೆ ನಿಲ್ರಿ ಅಂದ್ರೆ ಓಡ್ಬಿಟ್ರಿ. ಈ ಕೋರ್ಟ್ ಕೆಡವಿ ಇಲ್ಲಿ ಮಳಿಗೆ ಕಟ್ಟೋರಿದ್ವಿ. ಮೊದಲನೇ ಮಳಿಗೆ ನಿಮಗೇ ಅಂತ ಆಗಿತ್ತು.”

ಹಾಲೇಶ ತಿರುಗಿ ಕಾಡಸಿದ್ದಪ್ಪನನ್ನು ನೋಡಿದ.

“ನನ್ನ ಯಾಕ್ಲಾ ಅಂಗ್ ನೋಡ್ತೀಯ?” ಎಂದ ಕಾಡಸಿದ್ದಪ್ಪ. “ಕೋರ್ಟು ಉಳೀತಲ್ಲ. ಬೇಕಾದ್ರೆ ಕೇಸ್ ಹಾಕು.”