ಅಲುಗಾಡದ ಡೇರೆ

ಬಡಗಿ ಕೈ ಹಾಕಿದ ಮೇಲೆ ಭೂಮಂಡಲದಲ್ಲಿ ಯಾವುದೂ ಅಲುಗಾಡಕೂಡದು! ಇದು ನಮ್ಮ ಬಡಗಿಯ ಪ್ರತಿಜ್ಞೆ. ಅವನು ಜೋಡಿಸಿದ ಬಾಗಿಲು, ಮಂಚ, ಬೀರು ಊರಲ್ಲಿ ಯಾವುದೂ ಅಲುಗಾಡುತ್ತಲೂ ಇರಲಿಲ್ಲ, ಅವನದೇ ಅಡುಗೆಮನೆಯ ಸ್ಟೂಲೊಂದನ್ನು ಬಿಟ್ಟು. ಅದರ ಕಾಲಿನ ಮಾತನ್ನು ಹೆಂಡತಿ ಎತ್ತಿದಾಗಲೆಲ್ಲ, ಸ್ಟೂಲು ನೆಟ್ಟಗಿದೆ, ನೆಲವೇ ಸೊಟ್ಟ ಎಂದು ವಾದಿಸಿ ಎದ್ದುಹೋಗುತ್ತಿದ್ದ.

ಇಂಥವನ ಹೆಗಲಿಗೆ ಯುವಕ ಸಂಘದ ಬೆಟ್ಟದ ಚಾರಣ ಬಂದು ಬಿತ್ತು. ಪ್ರತಿ ಸಲ ಮುಂದಾಳಾಗುತ್ತಿದ್ದ ಡ್ರಿಲ್ ಮೇಷ್ಟ್ರು ಕಾಲು ಉಳುಕಿಸಿಕೊಂಡು ಮಲಗಿದ್ದರು. ದೊಡ್ಡವರೊಬ್ಬರು ಇಲ್ಲದೆ ಹೊರಡುವಂತಿಲ್ಲ ಎಂದು ಸಂಘ ಕೈಚೆಲ್ಲಿ ಕೂತಾಗ ಬಡಗಿಯ ಮಗಳು ಎದ್ದು, ನಮ್ಮಪ್ಪ ಬರುತ್ತಾರೆ ಎಂದಳು. ಕೆಲವರು ಕಿಸಕ್ಕೆಂದರು. ಅವಳು ಜಗಳವಾಡಿಯೇ ಒಪ್ಪಿಸಿದಳು.

ಹೊರಡುವ ಹಿಂದಿನ ಸಂಜೆ ಮೇಷ್ಟ್ರ ಮನೆಯಿಂದ ಡೇರೆಯ ಚೀಲ ಬಂತು. ಜೊತೆಗೆ ಅಪ್ಪಣೆಯೂ ಬಂತು: ನಿಲ್ಲಿಸಿ, ಹರಿದಿದೆಯೇ ನೋಡಿ, ಮತ್ತೆ ಮಡಚಿಡಿ.

"ಬಿರುಗಾಳಿ ಬಂದರೂ ಕದಲಬಾರದು, ಹಾಗೆ ಮಾಡಿಡ್ತೀನಿ" ಎಂದ ಬಡಗಿ.

"ಅಪ್ಪಾ, ಅವರು ನೋಡಿ ಅಂದಿದ್ದಾರೆ. ಮಾಡಿ ಅಂದಿಲ್ಲ" ಎಂದು ಮಗಳು ಬ್ರೆಡ್ಡು, ಬ್ಯಾಟರಿ ತರಲು ಅಂಗಡಿಗೆ ಹೋದಳು.

ಮೇಜು ಕುರ್ಚಿ ಗೋಡೆಗೆ ಸರಿದವು. ಡೇರೆಯ ಕೋಲೆಂದರೆ ಒಂದರ ಬಾಯಿಗೊಂದು ಸಿಕ್ಕಿಸುವ ಗೇಣುದ್ದದ ತುಂಡುಗಳು; ಒಳಗೆ ಎಲಾಸ್ಟಿಕ್ ದಾರ. ಅಂಥ ಎರಡು ಕೋಲು ಬಗ್ಗಿಸಿ ಕೊಂಡಿಗಳಿಗೆ ಬಟ್ಟೆ ನೇತುಹಾಕಿದರೆ ಗುಮ್ಮಟ ತಯಾರು. ಬಡಗಿ ಒಮ್ಮೆ ಅಲುಗಿಸಿ ನೋಡಿದ. ಅಲುಗಿತು! ಅವನ ಮೈ ಉರಿದುಹೋಯಿತು. ಮೊಳೆಯಿಲ್ಲ, ಬೆಣೆಯಿಲ್ಲ, ಅಂಟಿಲ್ಲ. ಇದೂ ಒಂದು ಜೋಡಣೆಯೇ? ಇದರಡಿ ಹೆತ್ತವರ ಮಕ್ಕಳನ್ನು ಮಲಗಿಸುವುದೇ? ಬಾಗಿಲ ಚೌಕಟ್ಟಿಗೆ ಬಳಸುವ ರಾಕ್ಷಸ ಅಂಟನ್ನು ತಂದ. ಒಂದೊಂದೇ ಸಂದಿ ಬಿಚ್ಚಿ, ಬಳಿದು, ಒತ್ತಿ, ಒರೆಸಿದ. ಸೀಸೆ ಬರಿದಾಯಿತು. ಡೇರೆ ಕೋಟೆಯಾಯಿತು.

ಹೆಂಡತಿ ಡ್ಯೂಟಿ ಮುಗಿಸಿ ಬಂದಳು. ಸಿಟಿ ಬಸ್ಸಿನ ಕಂಡಕ್ಟರು. ಕೊರಳಲ್ಲಿ ಸೀಟಿ ಇನ್ನೂ ನೇತಾಡುತ್ತಿತ್ತು. ನಡುಮನೆಯ ಕೋಟೆಗೆ ಒಂದು ಸುತ್ತು ಬಂದಳು. ತಳ್ಳಿ ನೋಡಿದಳು. ಕದಲಲಿಲ್ಲ.

"ಗಟ್ಟಿಯಾಗಿದೆ. ಮಡಚೋದು ಹೇಗೆ?"

ಅಪ್ಪಣೆಯಲ್ಲಿ ಮೂರನೆಯ ಕೆಲಸವೊಂದಿತ್ತು ಎಂಬುದು ಬಡಗಿಗೆ ಆಗ ನೆನಪಾಯಿತು.

ಬಿಸಿನೀರು ಸುರಿದ. ಸೀಮೆಎಣ್ಣೆ ಸವರಿದ. ಹೆಂಡತಿ ಅತ್ತ, ಇವನು ಇತ್ತ ನಿಂತು ಹಗ್ಗಜಗ್ಗಾಟ ಆಡಿದರು. ಕೊನೆಗೆ ಅಂಟಿನ ಅಂಗಡಿಗೆ ಫೋನು ಮಾಡಿದರೆ, ಅಂಗಡಿಯವನು ಅಭಿಮಾನದಿಂದ ಉಬ್ಬಿಹೋದ: "ನಮ್ಮ ಮಾಲು ಬಿಡೋ ಮಾತೇ ಇಲ್ಲಣ್ಣ. ನೀನೇ ಊರಿಗೆಲ್ಲಾ ಹೇಳ್ತಿರ್ತೀಯಲ್ಲ."

ಬಡಗಿ ಗರಗಸ ಎತ್ತಿಕೊಂಡ. ಅಷ್ಟರಲ್ಲಿ ಮಗಳು ಬಾಗಿಲಲ್ಲಿ ನಿಂತಿದ್ದಳು. ಮನೆಮನೆ ಸುತ್ತಿ ಹಳೇ ಪೇಪರು ಬೇಡಿ, ಮಾರಿ, ಸಂಘದವರು ಕೊಂಡ ಡೇರೆ ಅದು.

"ಗರಗಸ ಕೆಳಗಿಡು ಅಪ್ಪ. ಎಲ್ಲರ ಮುಂದೆ ನಿನ್ನ ಪರವಾಗಿ ಜಗಳ ಆಡಿದ್ದೀನಿ ನಾನು."

ಕೂಗಾಡಿದ್ದರೆ ತಡೆದುಕೊಳ್ಳುತ್ತಿದ್ದ. ಅವಳು ಮೆಲ್ಲಗೆ ಹೇಳಿದಳು. ಬಡಗಿ ಗರಗಸ ಇಟ್ಟ.

ಬೆಳಿಗ್ಗೆ ಹುಡುಗ ಹುಡುಗಿಯರು ಬಂದು ನೋಡುವಾಗ, ಬಟ್ಟೆಯೇನೋ ಮಡಚಿಕೊಂಡು ಚೀಲ ಸೇರಿತ್ತು. ಆದರೆ ಆ ಮನೆಯ ಕಿಟಕಿಯಿಂದ ಒಂದು ಕೋಲು ಹೊರಗೆ ಬರತೊಡಗಿತು, ಬಂತು, ಬರುತ್ತಲೇ ಇತ್ತು. ಹಿಂದೆ ಇನ್ನೊಂದು. ಅವುಗಳ ಹಿಂದೆ ಮುಂದಾಳು! ಎರಡನ್ನೂ ಹೆಗಲಿಗೇರಿಸಿ ಬಡಗಿ ಬೀದಿಗಿಳಿದಾಗ, ಬಾವುಟ ಎಲ್ಲಿ, ಯಾರಿಗೆ ಧಿಕ್ಕಾರ ಎಂದು ಎದುರುಮನೆಯವರು ವಿಚಾರಿಸಿದರು.

ಬೆಟ್ಟದ ಬುಡಕ್ಕೆ ಹೋಗುವ ಬಸ್ಸಿನ ಬಾಗಿಲಲ್ಲಿ ಹೆಂಡತಿಯೇ ನಿಂತಿದ್ದಳು.

"ಉದ್ದದ ಸಾಮಾನು ಹತ್ತಿಸೋ ಹಾಗಿಲ್ಲ."

"ನಾನು ಮುಂದಾಳು ಕಣೇ."

"ಮುಂದಾಳು ಹತ್ತಲಿ. ಕೋಲು ಹತ್ತೋ ಹಾಗಿಲ್ಲ."

ಕೋಲಿಲ್ಲದೆ ಡೇರೆಯಿಲ್ಲ, ಡೇರೆಯಿಲ್ಲದೆ ಬೆಟ್ಟವಿಲ್ಲ. ಬಡಗಿ ಮಗಳ ಮುಖ ನೋಡಿದ. ನೀವೆಲ್ಲ ಬಸ್ಸಲ್ಲಿ ಹೋಗಿ, ಕೊನೇ ಸ್ಟಾಪಲ್ಲಿ ಕಾಯಿರಿ, ನಾನು ನಡೆದು ಬರುತ್ತೇನೆ ಎಂದು ತಿರುಗಿದ. ತಿರುಗಿದ ರಭಸಕ್ಕೆ ಕೋಲಿನ ತುದಿ ತರಕಾರಿ ಗಾಡಿಯ ಬುಟ್ಟಿಯೊಂದನ್ನು ನೆಲಕ್ಕುರುಳಿಸಿತು. ಟೊಮೆಟೊ ಆರಿಸಿಕೊಡುತ್ತಿದ್ದಾಗ ಮಗಳು ಬಸ್ಸಿಂದ ಇಳಿದು ಬಂದು ಹಿಂದಿನ ತುದಿ ಹಿಡಿದಳು.

"ನಡಿ. ಒಬ್ಬನೇ ಹೋದರೆ ಯಾರದಾದ್ರೂ ಕಣ್ಣು ಕೀಳ್ತೀಯ."

ಅಪ್ಪ ಮುಂದೆ, ಮಗಳು ಹಿಂದೆ. ಸ್ವಲ್ಪ ದೂರ ಹೋಗುವಷ್ಟರಲ್ಲಿ ಬಸ್ಸು ಪಕ್ಕಕ್ಕೆ ಬಂದು ನಿಧಾನಿಸಿತು. ಕಿಟಕಿಗಳ ತುಂಬ ಹಲ್ಲು. ಬಾಗಿಲಲ್ಲಿ ಹೆಂಡತಿ.

"ಮುಂದಾಳುಗಳೇ, ದೂರದ ದಾರಿ. ಮನೆಯಿಂದ ಆ ಸ್ಟೂಲು ತಂದ್ಕೊಡ್ಲಾ, ಅಲ್ಲಲ್ಲಿ ಕೂತ್ಕೊಳ್ಳೋಕೆ?"

"ಬೇಡ," ಎಂದ ಬಡಗಿ, ಏದುಸಿರು ಬಿಡುತ್ತ. "ಅದು ಅಲ್ಲಾಡುತ್ತೆ."

ಇಷ್ಟು ವರ್ಷಕ್ಕೆ ಆ ಮಾತು ಅವನ ಬಾಯಿಂದಲೇ ಕೇಳಿದ ಕಂಡಕ್ಟರಮ್ಮ, ಉದ್ದಕ್ಕೆ ಸೀಟಿ ಊದಿದಳು.