ಕಣ್ಣಳತೆಯ ನೆಲ

ನಾನು ಎಡಗಣ್ಣು ಮುಚ್ಚಿದರೆ ಸಾಕು, ಬಲಗಣ್ಣು ಅಳತೆಗೋಲಾಗುತ್ತದೆ! ಈ ಸಂಗತಿ ನೆಂಟರಿಷ್ಟರಲ್ಲೆಲ್ಲ ಜನಜನಿತ; ಅಂದರೆ, ನಾನೇ ಎಲ್ಲರಿಗೂ ಹೇಳಿದ್ದೇನೆ. ಹಿಂದೊಮ್ಮೆ ಕಚೇರಿಯ ಕಬ್ಬಿಣದ ಬೀರುವನ್ನು ದೂರದಿಂದಲೇ ನೋಡಿ, "ಮೆಟ್ಟಿಲ ತಿರುವಿನಲ್ಲಿ ಸಲೀಸಾಗಿ ತಿರುಗುತ್ತೆ" ಎಂದು ಘೋಷಿಸಿದವನು ನಾನು. ಅದು ಇವತ್ತಿಗೂ ಅದೇ ತಿರುವಿನಲ್ಲಿದೆ, ಆ ಮಾತು ಬೇರೆ.

ನನ್ನ ಈ ದಿವ್ಯದೃಷ್ಟಿಯನ್ನು ಒಪ್ಪದ ಜೀವ ಜಗತ್ತಿನಲ್ಲಿ ಒಂದೇ: ನಮ್ಮತ್ತೆ. ಜೀವಮಾನವಿಡೀ ಹೊಲಿಗೆ ಕಲಿಸಿದವರು. ಅವರ ಕೊರಳಿನಿಂದ ಟೇಪು ಇಳಿದದ್ದನ್ನು ಕಂಡವರಿಲ್ಲ. ಹೋದ ಸಲ ಬಂದಾಗ ಹಿಂದಿನ ಕೋಣೆಯ ನುಣುಪು ಟೈಲ್ಸಿನ ಮೇಲೆ ಜಾರಿ, ಮಂಚ ಹಿಡಿದು ಬಚಾವಾಗಿದ್ದರು. ಈಗ ಮಂಡಿಗೆ ಆಪರೇಷನ್ ಆಗಿ, ಎರಡು ತಿಂಗಳು ಅದೇ ಕೋಣೆಯಲ್ಲಿರಲು ಬರುವವರಿದ್ದರು.

"ರೀ, ಈ ಸಲ ಅಮ್ಮ ಬಿದ್ರೆ ನಾನು ಸುಮ್ನಿರಲ್ಲ," ಎಂದಳು ಹೆಂಡತಿ.

"ಬೀಳೋದಾ? ಹಳೇ ನೆಲದ ಮೇಲೆ ಮರದ ಹೊಸ ನೆಲಾನೇ ಹಾಸಿಬಿಡ್ತೀನಿ! ಒಂದು ಟೈಲ್ಸೂ ಕೀಳಲ್ಲ, ಒಬ್ಬ ಕೆಲಸದವನೂ ಬೇಡ, ಟೇಪಂತೂ ಬೇಡವೇ ಬೇಡ. ನಿಮ್ಮಮ್ಮ ನೋಡಿ, 'ಅಳಿಯಂದ್ರೇ, ನಿಮ್ಮ ಕಣ್ಣೇ ಕಣ್ಣು' ಅನ್ಬೇಕು!"

"ಉದ್ದ, ಅಗಲ ಸರಿ. ಎತ್ತರ ನೋಡಿದ್ರಾ?"

ಎಷ್ಟೆಂದರೂ ಟೇಪಿನ ವಂಶದವಳು! ನಾನು ನಕ್ಕ ನಗೆಗೆ ಪಕ್ಕದ ಮನೆಯ ನಾಯಿ ಬೊಗಳಿತು. "ನೆಲಕ್ಕೆಲ್ಲಿಯ ಎತ್ತರ ಮಾರಾಯ್ತಿ? ಅದು ಗೋಡೆಗಿರೋದು!"

ಅತ್ತೆ ಬರುವ ದಿನ ಬೆಳಗಾಗುತ್ತಲೇ ಮಂಚವನ್ನು ಹೊರಗೆ ಸಾಗಿಸಿದೆ. ಟೈಲ್ಸಿನ ಮೇಲೆ ಫೋಮಿನ ಹಾಳೆ ಹಾಸಿದೆ. ಅದರ ಮೇಲೆ, ಒಂದರ ಅಂಚಿಗೊಂದು ಕಚ್ಚಿಕೊಳ್ಳುವ ಮರದ ಪಟ್ಟಿಗಳು. ಗರಗಸದ ಮೊದಲ ಧೂಳಿಗೇ ಹೆಂಡತಿ ಕೂಗಿದಳು: "ಬಾಗಿಲು ಹಾಕ್ಕೊಳ್ರೀ! ಈಗಷ್ಟೇ ಹಾಲ್ ಒರೆಸಿದೀನಿ."

ಹಾಕಿಕೊಂಡೆ. ಕಿಟಕಿಯ ಕಡೆಯಿಂದ ಹೊರಟ ನನ್ನ ದಂಡಯಾತ್ರೆ ಸಾಲು ಸಾಲಾಗಿ ಬಾಗಿಲಿನತ್ತ ಮುನ್ನುಗ್ಗಿತು. 'ಅಂಟು ಬೇಕಿಲ್ಲ' ಎಂದು ಪಟ್ಟಿಗಳ ಡಬ್ಬದ ಮೇಲೆ ದಪ್ಪಕ್ಷರದಲ್ಲಿ ಬರೆದಿತ್ತು. ಅತ್ತೆಯ ಮಂಡಿಯ ವಿಷಯದಲ್ಲಿ ಡಬ್ಬದ ಮಾತು ಕೇಳುವುದೇ? ಸಂದುಸಂದಿಗೂ ಅಂಟು ಸುರಿದೆ! ಮಧ್ಯಾಹ್ನದ ಹೊತ್ತಿಗೆ ಕೊನೆಯ ಪಟ್ಟಿಯನ್ನು ಮುಚ್ಚಿದ ಬಾಗಿಲಿನ ಬುಡಕ್ಕೆ ಬಡಿದು ಕೂರಿಸಿದೆ. ಕೂದಲೆಳೆಯಷ್ಟೂ ಸಂದಿಲ್ಲ! ನನ್ನ ಬೆನ್ನನ್ನು ನಾನೇ ತಟ್ಟಿಕೊಂಡು, ಕಿಟಕಿಯ ಕಟ್ಟೆಯ ಮೇಲೆ ಒಂದು ಗಂಟೆ ವಿಜಯೋತ್ಸಾಹದಿಂದ ಕೂತಿದ್ದೆ.

ಆಮೇಲೆ ಎದ್ದು ಬಾಗಿಲು ಎಳೆದೆ.

ಅದು ಒಳಕ್ಕೆ ತೆರೆಯುವ ಬಾಗಿಲು. ಹೊಸ ನೆಲ ಅದರ ತಳಕ್ಕಿಂತ ಮೇಲಿತ್ತು.

ಎಳೆದೆ. ಬೈದೆ. ಗೋಡೆಗೆ ಕಾಲು ಕೊಟ್ಟು ಎಳೆದೆ. ಹಿಡಿಕೆ ಕೈಗೆ ಬಂತು, ಬಾಗಿಲು ಬರಲಿಲ್ಲ. ಪಟ್ಟಿ ಎಬ್ಬಿಸೋಣವೆಂದರೆ ನಾನು ಸುರಿದ ಅಂಟು ಎಂಥ ಸ್ವಾಮಿನಿಷ್ಠೆ ತೋರಿತೆನ್ನುತ್ತೀರಿ!

"ರೀ, ಅಮ್ಮ ಬಂದಾಯ್ತು. ಬಾಗಿಲು ತೆಗೀರಿ!"

"ಅಂಟು ಒಣಗ್ತಿದೆ ಕಣೆ."

"ಒಣಗಿದ ಮೇಲೆ ತೆಗೀತೀರಾ?"

"ಒಣಗಿದಷ್ಟೂ ಕಷ್ಟ."

ಆಚೆಯಿಂದ ಬಾಗಿಲನ್ನೊಮ್ಮೆ ತಳ್ಳಿ ನೋಡಿದ ಸದ್ದು.

"ಒಳಗೆ ಕೂತಿದೀರಾ, ಸಿಕ್ಕಿಹಾಕ್ಕೊಂಡಿದೀರಾ?"

"ಎರಡೂ."

ಸ್ವಲ್ಪ ಹೊತ್ತಿಗೆ ಕೋಲೂರುವ ಸದ್ದೊಂದು ಮನೆಯನ್ನು ಸುತ್ತು ಹಾಕಿ ಕಿಟಕಿಯ ಬಳಿ ನಿಂತಿತು. ಸರಳುಗಳಾಚೆ ಅತ್ತೆ! ಒಂದು ಕೈಯಲ್ಲಿ ಕೋಲು, ಇನ್ನೊಂದರಲ್ಲಿ ಫೋನು, ಕೊರಳಲ್ಲಿ ಟೇಪು. ಸರಳಿಗೆ ಮೂಗು ತಾಗಿಸಿ ನೆಲವನ್ನು ಈ ಮೂಲೆಯಿಂದ ಆ ಮೂಲೆಯವರೆಗೆ ನೋಡಿದರು.

"ಬಹಳ ಅಚ್ಚುಕಟ್ಟಾಗಿ ಹಾಸಿದೀರಿ ಅಳಿಯಂದ್ರೇ. ಇದರ ಮೇಲೆ ನಾನು ಜಾರೋ ಮಾತೇ ಇಲ್ಲ."

ನನ್ನ ಎದೆ ಉಬ್ಬಿತು.

"ಒಳಗೆ ಬಂದ್ರೆ ತಾನೇ ಜಾರೋದು!"

ಇಳಿಯಿತು.

"ಬಡಗಿ ಫೋನಲ್ಲಿದಾರೆ," ಎಂದು ಅತ್ತೆ ಮುಂದುವರಿಸಿದರು. "ಬಾಗಿಲಿನ ತಳ ಕೊಯ್ಯಬೇಕಂತೆ. ಎಷ್ಟು ಅಂತ ಕೇಳ್ತಿದಾರೆ. ನೀವೇ ಕಣ್ಣಲ್ಲಿ ನೋಡಿ ಹೇಳಿಬಿಡಿ, ನಾನು ಮಧ್ಯೆ ಬಾಯಿ ಹಾಕಲ್ಲ. ಜಾಸ್ತಿ ಕೊಯ್ದರೆ ಇಲಿ ಒಳಗೆ ಬರುತ್ತೆ, ಕಮ್ಮಿ ಕೊಯ್ದರೆ ನೀವು ಹೊರಗೆ ಬರಲ್ಲ. ಅಷ್ಟೇ."

ನಾನು ಎಡಗಣ್ಣು ಮುಚ್ಚಿದೆ. ಬಲಗಣ್ಣನ್ನು ಬಾಗಿಲಿನ ಬುಡಕ್ಕೆ ನೆಟ್ಟೆ. ಅಲ್ಲಿ ಅದಕ್ಕೆ ಕಂಡದ್ದು ಮೆಟ್ಟಿಲ ತಿರುವಿನಲ್ಲಿ ನಿಂತ ಕಬ್ಬಿಣದ ಬೀರು.

ಎರಡೂ ಕಣ್ಣು ತೆರೆದು, ಸರಳುಗಳ ನಡುವೆ ಕೈ ಚಾಚಿದೆ.

"ಟೇಪು ಕೊಡಿ, ಅತ್ತೆ."