ಸೈಲೆನ್ಸರಿನ ತುದಿ

ಮೊದಲ ಚೊಂಬು ನೆತ್ತಿಯ ಮೇಲೆ ಬಿದ್ದ ಕೂಡಲೇ ಸಮ್ಮೇದ ಮಾಸ್ತರರ ಬಾಯಿಂದ ಹೊರಟ ಶಬ್ದ ಅಡಿಗೆಮನೆಯಲ್ಲಿದ್ದ ಹೆಂಡತಿ ರೂಪಾಲಿಗೂ ಕೇಳಿಸಿತು, ಹಿತ್ತಲಲ್ಲಿ ಕಟ್ಟಿದ್ದ ಎಮ್ಮೆಗೂ ಕೇಳಿಸಿತು. ಜನವರಿ ತಿಂಗಳ ರವಿವಾರ, ಬೆಳಿಗ್ಗೆ ಎಂಟು ಗಂಟೆ. ಮಾಳಿಗೆಯ ಮೇಲೆ ಬೀದಿಯ ಅಂಚಿಗೆ ನೀರು ಕಾಯಿಸುವ ಸೋಲಾರ್ ಕುಳಿತಿದೆ, ನಳದಲ್ಲಿ ಬರುವುದು ಮಾತ್ರ ರಾತ್ರಿಯೆಲ್ಲ ಅಂಗಳದಲ್ಲಿಟ್ಟಂಥ ತಣ್ಣೀರು. ಒಂದು ಬಕೆಟ್ಟಿನಷ್ಟು ಉಗುರುಬೆಚ್ಚಗಿನದು ಸಿಗುತ್ತಿತ್ತು, ಅದು ರೂಪಾಲಿಯ ಪಾಲಾಗಿ ಮುಗಿದಿತ್ತು.

ಇದಕ್ಕೆಲ್ಲ ಕಾರಣ ಪಕ್ಕದ ಮನೆಯ ವಿರುಪಾಕ್ಷಪ್ಪ. ದ್ರಾಕ್ಷಿ ತೋಟವೂ ಕಬ್ಬಿನ ಹೊಲವೂ ಇದ್ದ ಆಸಾಮಿ. ದೀಪಾವಳಿಗೆ ಮಾಳಿಗೆಯ ಮುಂಭಾಗದಲ್ಲಿ, ಗಲ್ಲಿಯ ಕಡೆಗೆ, ಒಂದು ನೀರಿನ ಟಾಕಿ ಕಟ್ಟಿಸಿದ. ಎಲ್ಲರ ಟಾಕಿಯಂತೆ ದುಂಡಗಿದ್ದರೆ ಮಾಸ್ತರರು ಸಹಿಸುತ್ತಿದ್ದರೋ ಏನೋ. ಇದು ಟ್ರ್ಯಾಕ್ಟರಿನ ಆಕಾರದ್ದು. ಸಿಮೆಂಟಿನ ಗಾಲಿ, ಸಿಮೆಂಟಿನ ಸ್ಟೇರಿಂಗು, ಎಂಜಿನ್ನಿನ ಮೇಲೆ ನೆಟ್ಟಗೆ ನಿಂತ ಕಬ್ಬಿಣದ ಸೈಲೆನ್ಸರು. ಶೇಡಬಾಳಕ್ಕೆ ಬಂದ ಬೀಗರೆಲ್ಲ ಅದರ ಫೋಟೋ ಹೊಡೆದುಕೊಂಡು ಹೋಗುತ್ತಿದ್ದರು. ಅದರ ನೆರಳು ಬಂದು ಕೂತದ್ದು ಮಾಸ್ತರರ ಸೋಲಾರಿನ ಮೇಲೆ. ಪಾಪ, ಅವರು ಜಗಳಕ್ಕೆ ಹೋಗದೆ ಹೋದ ತಿಂಗಳು ಕಾಗವಾಡದಿಂದ ವೆಲ್ಡಿಂಗಿನವನನ್ನು ಕರೆಸಿ, ಸೋಲಾರನ್ನು ಅದರ ನೆತ್ತಿಯ ಉದ್ದನೆಯ ಗಾಳಿಪೈಪಿನ ಸಮೇತ ಮೂರಡಿ ಸ್ಟ್ಯಾಂಡಿನ ಮೇಲೆ ಏರಿಸಿದರು. ಆದರೂ ಮಧ್ಯಾಹ್ನ ಹನ್ನೆರಡರವರೆಗೆ ನೆರಳು ಬಿಡಲಿಲ್ಲ.

ತಲೆ ಒರೆಸಿಕೊಳ್ಳುತ್ತಲೇ ಮಾಸ್ತರರು ಬೀದಿಗೆ ಬಂದರು. ಇಷ್ಟು ದಿನ ಸುಮ್ಮನಿದ್ದದ್ದೇ ತಪ್ಪಾಯಿತು ಅನ್ನಿಸಿತ್ತು. ಗಲ್ಲಿಗೆ ಒಂದು ನಿಯಮವಿತ್ತಲ್ಲ! ಹಿಂದೆ ಮೊದಲ ಎರಡಂತಸ್ತಿನ ಮನೆ ಎದ್ದಾಗ, ಮಾಳಿಗೆಯ ಮೇಲೆ ಒಣಹಾಕಿದ ಶಾವಿಗೆ ಹಪ್ಪಳಗಳಿಗೆ ಬಿಸಿಲು ತಪ್ಪಿತೆಂದು ಗಲ್ಲಿಯ ಹಿರಿಯಳಾದ ಶಿವಗಂಗವ್ವ ಬೀದಿಯ ನಡುವೆ ಚಾಪೆ ಹಾಸಿ ಕೂತುಬಿಟ್ಟಿದ್ದಳು. ಗಂಡಸರೆಲ್ಲ ಸಹಿ ಹಾಕುವವರೆಗೆ ಏಳಲಿಲ್ಲ. ಮನೆಯಾಗಲಿ, ಮನೆಯ ಮೇಲಿನ ಏನೇ ಆಗಲಿ, ಮೂವತ್ತು ಅಡಿ ದಾಟಕೂಡದು. ಅದನ್ನು ಬರೆದಿಟ್ಟ ವಹಿ ಪುಸ್ತಕ ಇವತ್ತಿಗೂ ಅವಳ ಟ್ರಂಕಿನಲ್ಲಿತ್ತು, ಅದರಲ್ಲಿ ವಿರುಪಾಕ್ಷಪ್ಪನ ಸಹಿಯೂ ಇತ್ತು, ಮಾಸ್ತರರದೂ ಇತ್ತು.

ವಿರುಪಾಕ್ಷಪ್ಪ ಕಟ್ಟೆಯ ಮೇಲೆ ಕೂತು ಹಲ್ಲುಜ್ಜುತ್ತಿದ್ದ. ಮಾಸ್ತರರು ನಿಯಮದ ಮಾತೆತ್ತಿದರೆ, ಟಾಕಿ ನೆಲದಿಂದ ಇಪ್ಪತ್ತೊಂಬತ್ತೂವರೆ ಅಡಿ ಇದೆಯೆಂದೂ, ಅದನ್ನು ಕಟ್ಟಿದ ಗೌಂಡಿಯೇ ಹೇಳಿದ್ದಾನೆಂದೂ ತಣ್ಣಗೆ ಉತ್ತರಿಸಿದ. ಹಾಗಾದರೆ ಮೇಲೆ ಹತ್ತಿ ಟೇಪು ಇಳಿಬಿಡುತ್ತೇನೆ ಅಂದರೆ, ಪಾವಟಿಗೆಯ ಮೆಟ್ಟಿಲುಗಳಿಗೆ ನಿನ್ನೆಯಷ್ಟೇ ಸಿಮೆಂಟು ಹಾಕಿದೆ, ನಾಲ್ಕು ದಿನ ಯಾರೂ ಕಾಲಿಡುವಂತಿಲ್ಲ ಅಂದ. ಕೆಳಗಿನಿಂದಲೇ ಅಳೆಯುತ್ತೇನೆ, ತ್ರಿಕೋನಮಿತಿ ಇದೆ ಅಂದರು ಮಾಸ್ತರರು.

“ನೆಲದ ಮ್ಯಾಲ ನಿಂತು ಆಕಾಶ ಅಳಿತೀರೇನ್ರಿ?” ಅಂದ ವಿರುಪಾಕ್ಷಪ್ಪ. “ಆ ಸೈನು ಕಾಸು ಎಲ್ಲಾ ಸಾಲ್ಯಾಗ ಇಟಗೋರಿ ಮಾಸ್ತರ. ಹುಡುಗ್ರು ಪಾಸ್ ಆಗಾಕಷ್ಟ ಬೇಕು ಅವು.”

ಇಪ್ಪತ್ತೆರಡು ವರ್ಷ ಹತ್ತನೇ ಇಯತ್ತೆಗೆ ಅದನ್ನೇ ಕಲಿಸಿದ ಜೀವ ಅದು. ತಣ್ಣೀರನ್ನು ತಡೆದುಕೊಂಡಿದ್ದ ಮಾಸ್ತರರಿಗೆ ಈ ಮಾತನ್ನು ತಡೆದುಕೊಳ್ಳಲಾಗಲಿಲ್ಲ. ಮೈಯೆಲ್ಲ ಉರಿಯಿತು. ಬಿಸಿನೀರು ಹಾಳಾಗಲಿ, ಗಣಿತದ ಮಾನ ಉಳಿಸದಿದ್ದರೆ ನಾಳೆ ಯಾವ ಮುಖ ಹೊತ್ತು ಕರಿಹಲಗೆಯ ಮುಂದೆ ನಿಲ್ಲುವುದು? ಶಿವಗಂಗವ್ವನನ್ನು ವಹಿಯ ಸಮೇತ ಕರೆಸಿರಿ ಎಂದು ಗಲ್ಲಿಗೆಲ್ಲ ಕೇಳುವಂತೆ ಹೇಳಿ, ಸಾಧನ ತರಲು ಒಳಗೆ ಹೋದರು.

ಸಾಧನ ಸಾದಾ. ಒಂದು ಕೋನಮಾಪಕ, ಅದರ ನೇರ ಅಂಚಿಗೆ ಕಟ್ಟಿದ ಖಾಲಿ ಪೆನ್ನಿನ ಕೊಳವೆ, ನಡುವಿನಿಂದ ದಾರ, ದಾರದ ತುದಿಗೆ ಬೋಲ್ಟು. ಕೊಳವೆಯಲ್ಲಿ ಕಣ್ಣಿಟ್ಟು ತುದಿಯನ್ನು ನೋಡಿದರೆ ದಾರ ಎಷ್ಟು ಓರೆಯಾಯಿತೋ ಅದೇ ಕೋನ. ಕೋನ ನಲವತ್ತೈದಾಗುವ ಜಾಗ ಸಿಕ್ಕರೆ ಗುಣಾಕಾರವೂ ಬೇಡ, ಗೋಡೆಯಿಂದ ಎಷ್ಟು ದೂರವೋ ಕಣ್ಣಿನ ಮಟ್ಟದಿಂದ ಮೇಲೆ ಅಷ್ಟೇ ಎತ್ತರ. ಅದಕ್ಕೆ ಕಣ್ಣಿನ ಎತ್ತರ ಕೂಡಿಸಿದರೆ ಮುಗಿಯಿತು. ಇದನ್ನು ಮಾಸ್ತರರು ಗಲ್ಲಿಯ ಜನಕ್ಕೆ ಮೂರು ಸಲ ವಿವರಿಸಿದರು. ಎಲ್ಲರೂ ತಲೆಯಾಡಿಸಿದರು, ಒಬ್ಬರಿಗೂ ತಿಳಿದಂತೆ ಕಾಣಲಿಲ್ಲ. ವಹಿ ಹಿಡಿದು ಬಂದಿದ್ದ ಶಿವಗಂಗವ್ವ ಮಾತ್ರ ತುಟಿ ಅಲುಗಿಸುತ್ತ ಏನೋ ಲೆಕ್ಕ ಹಾಕುತ್ತಿದ್ದಳು.

ಅಳತೆಗೆ ಮೊದಲೇ ಒಂದು ವಾದ ಎದ್ದಿತು. ಸೈಲೆನ್ಸರು ಚಂದಕ್ಕೆ ಕೂಡಿಸಿದ್ದು, ಅದನ್ನು ಟಾಕಿಯಲ್ಲಿ ಹಿಡಿಯಬಾರದು, ಬಾನೆಟ್ಟಿನವರೆಗೆ ಅಳೆಯಿರಿ ಎಂದು ವಿರುಪಾಕ್ಷಪ್ಪ ಹಟ ಹಿಡಿದ. ಮಾಸ್ತರರು ಸಿಡಿದೆದ್ದರು.

“ತುದಿ ಅಂದ್ರ ತುದಿ,” ಅಂದರು. “ಪೈಪ ಇರ್ಲಿ, ಸೈಲೆನ್ಸರ ಇರ್ಲಿ, ಎಲ್ಲಾಕ್ಕಿಂತ ಮ್ಯಾಲ ಏನೈತಿ ಅದ ಎತ್ತರ. ವಹ್ಯಾಗ ‘ಏನೇ ಆಗಲಿ’ ಅಂತ ಬರದೈತಿ. ಬರಕೋಳವ್ವ ಶಿವಗಂಗವ್ವ, ಇನ್ನ ಮುಂದ ಈ ಗಲ್ಲ್ಯಾಗ ಯಾರದರ ಇರ್ಲಿ, ಪೈಪಿನ ತುದಿ ಹಿಡದ ಅಳೀಬೇಕು.”

ಶಿವಗಂಗವ್ವ ರೂಪಾಲಿಯ ಕೈಯಿಂದಲೇ ಅದನ್ನು ವಹಿಯಲ್ಲಿ ಬರೆಸಿದಳು.

ಟೇಪು ಎದುರು ಮನೆಯ ಟೇಲರ್ ದಾದಾಸಾಬನದು. ಬಟ್ಟೆ ಅಳೆಯುವ ಐದಡಿಯ ಟೇಪು. ಶರ್ಟಿಗೆ ಬಿಡುವಂತೆ ಎರಡು ಬೆರಳು ಸಡಿಲ ಬಿಡಬೇಡವೆಂದು ಮಾಸ್ತರರು ಎಚ್ಚರಿಸಿದರು. ಆಮೇಲೆ ಕಣ್ಣಿಗೆ ಕೊಳವೆ ಹಚ್ಚಿಕೊಂಡು ಹಿಂದೆ ಸರಿದರು. ಕೋನ ಐವತ್ತೆರಡು. ಇನ್ನೂ ಹಿಂದೆ, ಚರಂಡಿ ದಾಟಿ, ಸಗಣಿ ತುಳಿದು, ದಾದಾಸಾಬನ ಅಂಗಳದವರೆಗೆ. ಅಲ್ಲಿ ದಾದಾಸಾಬನ ಮನಸ್ಸು ತಡೆಯಲಿಲ್ಲ. ಅವನ ಮಕ್ಕಳೆಲ್ಲ ಮಾಸ್ತರರ ಹತ್ತಿರ ಕಲಿತವರು. ಅಂಥವರು ತನ್ನ ಬಾಗಿಲಿಗೆ ಬಂದು ನಿಂತೇ ಇರುವುದೆಂದರೇನು? ಖುರ್ಚಿ ತಂದ, ಧೂಳು ಕೊಡವಿದ, ಕೂಡುವವರೆಗೂ ಕೈಬಿಡಲಿಲ್ಲ. ಚಹಾ ಕೂಡ ಬಂತು. ಮಾಸ್ತರರು ಖುರ್ಚಿಯನ್ನು ಅಷ್ಟು ಹಿಂದೆ ಇಷ್ಟು ಮುಂದೆ ಎಳೆಯಿಸಿಕೊಂಡು, ಸೈಲೆನ್ಸರಿನ ತುದಿಯನ್ನು ಕೊಳವೆಯಲ್ಲಿ ಹಿಡಿದರು. ದಾರ ಸರಿಯಾಗಿ ನಲವತ್ತೈದರ ಗೆರೆಯ ಮೇಲೆ ನಿಂತಿತು.

ಖುರ್ಚಿಯಿಂದ ಗೋಡೆಯ ಬುಡಕ್ಕೆ ದಾದಾಸಾಬ ಐದು ಸಲ ಟೇಪು ಹಾಸಿದ. ಇಪ್ಪತ್ತೈದು ಅಡಿ. “ನನ್ನ ಕಣ್ಣು ನೆಲದಿಂದ ಐದಡಿ ಎರಡು ಇಂಚು,” ಎಂದು ಮಾಸ್ತರರು ಖುರ್ಚಿಯಿಂದ ಎದ್ದು ನಿಂತು ಘೋಷಿಸಿದರು. “ಎರಡೂ ಕೂಡಿ ಮೂವತ್ತಡಿ ಎರಡು ಇಂಚು.”

ಎರಡೇ ಇಂಚು, ಆದರೆ ದಾಟಿದ್ದು ದಾಟಿದ್ದೇ. ಗಲ್ಲಿಯಲ್ಲಿ ಗುಸುಗುಸು ಹಬ್ಬಿತು. ವಿರುಪಾಕ್ಷಪ್ಪನ ಮುಖ ಸಣ್ಣದಾಯಿತು. ಸೈನು ಕಾಸು ಎಲ್ಲಿಡಬೇಕು ಎಂದು ಮಾಸ್ತರರು ಅವನನ್ನು ಎರಡೆರಡು ಸಲ ಕೇಳಿದರು. ಎರಡು ಇಂಚು ಕತ್ತರಿಸಿದರೆ ಒಪ್ಪುವುದಿಲ್ಲ, ನಿಯಮ ಮುರಿದ ಟ್ರ್ಯಾಕ್ಟರೇ ಇಳಿಯಬೇಕು ಎಂದೂ ಸೇರಿಸಿದರು.

ಆಗ ಶಿವಗಂಗವ್ವ ಬಾಯಿ ಬಿಟ್ಟಳು. ಸಾಲೆಯ ಮೆಟ್ಟಿಲು ಹತ್ತಿದವಳಲ್ಲ.

“ನೋಡುಮುಂದ ಕುಂತಿದ್ದಿ. ಕೂಡ್ಸುಮುಂದ ನಿಂತಿಯಲ್ಲೋ ಮಾಸ್ತರ,” ಅಂದಳು. “ಕುಂತಾವನ ಕಣ್ಣು ಅಷ್ಟ ಎತ್ತರ ಹ್ಯಾಂಗ ಇರತೈತಿ?”

ಮಾಸ್ತರರು ತಿರುಗಿ ಖುರ್ಚಿಯನ್ನು ನೋಡಿದರು. ಇದೇ ತಪ್ಪಿಗೆ ಅವರು ಎಷ್ಟು ಹುಡುಗರ ಕಿವಿ ಹಿಂಡಿದ್ದರೋ ಲೆಕ್ಕವಿಲ್ಲ. ದಾದಾಸಾಬ ಅವರನ್ನು ಮತ್ತೆ ಖುರ್ಚಿಯಲ್ಲಿ ಕೂಡಿಸಿ ನೆಲದಿಂದ ಕಣ್ಣಿನವರೆಗೆ ಟೇಪು ಹಿಡಿದ. ಮೂರಡಿ ಹತ್ತಿಂಚು. ಟಾಕಿ ಇಪ್ಪತ್ತೆಂಟು ಅಡಿ ಹತ್ತಿಂಚಿಗೆ ಇಳಿಯಿತು. ಗೌಂಡಿ ಹೇಳಿದ್ದಕ್ಕಿಂತಲೂ ಕಡಿಮೆ!

ತಪ್ಪು ಗಣಿತದ್ದಲ್ಲ, ಖುರ್ಚಿಯದು ಎಂದು ಮಾಸ್ತರರು ಕೂಗಾಡಿದರು. ಅಳೆಯುವವನನ್ನು ಯಾವ ದೇಶದಲ್ಲಾದರೂ ಚಹಾ ಕೊಟ್ಟು ಕೂಡಿಸುತ್ತಾರೆಯೇ ಎಂದು ದಾದಾಸಾಬನ ಮೇಲೆ ಹರಿಹಾಯ್ದರು. ರೀತಿ ಮಾತ್ರ ನೂರಕ್ಕೆ ನೂರು ಸರಿ, ಅದಕ್ಕೆ ಯಾರೂ ಏನೂ ಅನ್ನುವಂತಿಲ್ಲ ಅಂದರು.

“ಹೌದ್ರಿ, ರೀತಿ ಛಲೋ ಐತಿ. ನಂದೂ ಒಪ್ಪಿಗಿ ಐತಿ,” ಅಂದ ವಿರುಪಾಕ್ಷಪ್ಪ. ಅವನ ಕಣ್ಣು ಮಾಸ್ತರರ ಮಾಳಿಗೆಯ ಕಡೆಗಿತ್ತು. “ಹಂಗಾರ ನಿಮ್ಮ ಸೋಲಾರಿನ ಪೈಪನೂ ಅಳದ ಬಿಡ್ರಿ.”

ಮಾಸ್ತರರು ಮೇಲೆ ನೋಡಿದರು. ಮೂರಡಿ ಸ್ಟ್ಯಾಂಡಿನ ಮೇಲೆ ಸೋಲಾರ್ ನೆರಳಿನಲ್ಲಿ ಮಲಗಿತ್ತು. ಅದರ ಗಾಳಿಪೈಪು ಮಾತ್ರ ನೆರಳು ದಾಟಿ ಬಿಸಿಲಿನಲ್ಲಿ ಮಿಂಚುತ್ತಿತ್ತು. ಅದು ಬರೀ ಪೈಪು, ಅದನ್ನು ಎತ್ತರದಲ್ಲಿ ಹಿಡಿಯುವುದು ನ್ಯಾಯವಲ್ಲ ಎಂದು ಅವರು ಶುರುಮಾಡುವಷ್ಟರಲ್ಲಿ, ಸ್ವಂತ ಹೆಂಡತಿಯೇ ವಹಿ ಬಿಚ್ಚಿ, ಬೆಳಿಗ್ಗೆ ತಾನೇ ಬರೆದ ಸಾಲನ್ನು ಸ್ಪಷ್ಟವಾಗಿ ಓದಿಬಿಟ್ಟಳು.

ಈ ಸಲ ಶಿವಗಂಗವ್ವ ಖುರ್ಚಿಯನ್ನು ಒಳಗಿರಿಸಿದಳು. ಮಾಸ್ತರರು ನಿಂತರು, ನೆಟ್ಟಗೆ ನಿಂತರು. ದಾರ ನಲವತ್ತೈದರ ಮೇಲೆ ಬಂದಾಗ ಗೋಡೆಗೆ ಇಪ್ಪತ್ತಾರು ಅಡಿ. ಕೂಡಿಸುವ ಕೆಲಸ ಅವರಿಗೆ ಉಳಿಯಲಿಲ್ಲ, ಇಡೀ ಗಲ್ಲಿಯೇ ಒಟ್ಟಿಗೆ ಕೂಡಿಸಿ ಹೇಳಿತು: ಮೂವತ್ತೊಂದಡಿ ಎರಡು ಇಂಚು. ಇಪ್ಪತ್ತೆರಡು ವರ್ಷದಲ್ಲಿ ಯಾವ ತರಗತಿಯೂ ಇಷ್ಟು ಬೇಗ ಕಲಿತಿರಲಿಲ್ಲ.

ಪೈಪನ್ನು ಕತ್ತರಿಸಿದರೆ ಬಿಸಿಯಾದ ನೀರು ಅದರಿಂದಲೇ ಉಕ್ಕಿ ಹೊರಗೆ ಹೋಗುತ್ತದೆ. ಸ್ಟ್ಯಾಂಡ್ ತೆಗೆಯುವುದೊಂದೇ ದಾರಿ. ವಿರುಪಾಕ್ಷಪ್ಪ ತಾನೇ ಆಳುಗಳನ್ನು ಕೊಟ್ಟ, ಹಗ್ಗ ಕೊಟ್ಟ. ಪಾವಟಿಗೆಯ ಸಿಮೆಂಟು ಆರಿದ ಮೇಲೆ ಟ್ರ್ಯಾಕ್ಟರಿನ ಹತ್ತಿರ ನಿಂತು ಫೋಟೋ ತೆಗೆಸಿಕೊಳ್ಳಲು ಬರಬೇಕೆಂದು ಆಮಂತ್ರಣವನ್ನೂ ಕೊಟ್ಟ. ಮೂರು ಗಂಟೆಯ ಹೊತ್ತಿಗೆ ಸೋಲಾರ್ ಮೂರಡಿ ಕೆಳಗಿಳಿದು ತನ್ನ ಹಳೆಯ ಜಾಗದಲ್ಲಿ ಕೂತಿತು.

ಸಂಜೆ ಮಾಸ್ತರರು ಒಬ್ಬರೇ ಮಾಳಿಗೆ ಹತ್ತಿದರು. ದಾರ, ಬೋಲ್ಟು, ಪಂಚಾಂಗ ಇಟ್ಟುಕೊಂಡು, ಸೋಲಾರಿನ ಮೇಲಿಂದ ಇನ್ನು ನೆರಳು ಸರಿಯುವುದು ಎಷ್ಟು ಹೊತ್ತಿಗೆ ಎಂದು ಲೆಕ್ಕ ಹಾಕಿದರು. ಕೂತು ನೋಡಿದ್ದನ್ನು ಕೂತೇ ಕೂಡಿಸಿದರು, ಎರಡು ಸಲ ತಾಳೆ ನೋಡಿದರು. ಎರಡು ಗಂಟೆ ಹತ್ತು ನಿಮಿಷ. ರೂಪಾಲಿ ನಕ್ಕು, ಬೆಳಗಿನ ಲೆಕ್ಕದಂಥದ್ದೇ ಇರಬೇಕು ಅಂದಳು. ನಾಳೆ ನೀನೇ ನಿಂತು ನೋಡು ಎಂದು ಮಾಸ್ತರರು ಗುಡುಗಿದರು.

ಮರುದಿನ ಮಾಸ್ತರರು ಸಾಲೆಯಲ್ಲಿ ಸೀನುತ್ತ ಕೂತಿದ್ದಾಗ ಫೋನು ಬಂತು. ಗೋಡೆಯ ಗಡಿಯಾರ ಎರಡು ಗಂಟೆ ಹತ್ತು ನಿಮಿಷ ತೋರಿಸುತ್ತಿತ್ತು.

“ಈಗ ಬಿಸಲ ಬಿತ್ತು ನೋಡ್ರಿ,” ಅಂದಳು ರೂಪಾಲಿ. “ನಿಮ್ಮ ಲೆಕ್ಕ ಒಂದ ನಿಮಿಷನೂ ತಪ್ಪಲಿಲ್ಲ. ಆ ಉಗುರುಬೆಚ್ಚಗಿನ ಬಕೆಟ್ಟೂ ಹೋತು. ನಾಳಿಯಿಂದ ನನಗೂ ತಣ್ಣೀರ ಅಂತ ಅದನ್ನೂ ಲೆಕ್ಕದಾಗ ಬರಕೋರಿ.”